ಕಟ್ಟೆ ತುಂಬಿದ್ದು ಸರಿ, ಇಳಿಯೋ ಅಂಚಿನ ಕಡೆನೂ ನೋಡಿ

ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ಪೂರ್ತಿ ತುಂಬಿ 124.80 ಅಡಿ ಮುಟ್ಟಿದ ದಿನ ಮಂಡ್ಯದಿಂದ ಬೆಂಗಳೂರಿನವರೆಗೆ ಎಲ್ಲರಿಗೂ ನಿರಾಳ. 49.45 ಟಿಎಂಸಿ ನೀರಿದೆ, ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಬಿಡ್ತಾರೆ, ಭತ್ತ ಕಬ್ಬು ಬಚಾವು. ಬಾಗಿನ ಬಿಟ್ಟ ಫೋಟೋನೂ ಬರುತ್ತೆ. ಹಿನ್ನೀರಿನ ಬಹುಪಾಲು ಹಕ್ಕಿಗಳಿಗೆ ಮಾತ್ರ ತುಂಬಿದ ಕಟ್ಟೆಯಿಂದ ಅಂಥ ಲಾಭವೇನಿಲ್ಲ. ಆಳದ ನೀರು ನೀರುಕಾಗೆಗೆ, ಹೆಜ್ಜಾರ್ಲೆಗೆ ಆಗಬಹುದು. ಉಳಿದವಕ್ಕೆ ಬೇಕಿರೋದು ನೀರು ಹಿಂದೆ ಸರಿದಾಗ ಬಯಲಾಗೋ ಕೆಸರು.

ಹಿನ್ನೀರಿನ ಮೀನಾಕ್ಷಿಪುರ, ಆನಂದೂರು ಕಡೆ ದಡ ತೀರಾ ಚಪ್ಪಟೆ. ನೂರು ಅಡಿಗೆ ಒಂದಡಿ ಇಳಿಜಾರು ಅಂತಿಟ್ಟುಕೊಳ್ಳಿ, ಮಟ್ಟ ಒಂದಡಿ ತಗ್ಗಿದರೆ ನೂರಡಿ ಅಗಲದ ನೆಲ ಹೊರಗೆ ಬಂತು. ಹುಳ, ಶಂಖದ ಹುಳು, ಗುಂಡಿಯಲ್ಲಿ ಸಿಕ್ಕಿಕೊಂಡ ಸಣ್ಣ ಮೀನು, ಎಲ್ಲ ಅಲ್ಲೇ. ಎರಡು ಬೆರಳು ನೀರಲ್ಲಿ ಗೊರವಗಳು (ಕೆಸರು ಕೆದಕೋ ಸಣ್ಣ ಹಕ್ಕಿಗಳು), ಮೊಣಕಾಲುದ್ದದಲ್ಲಿ ಮೆಟ್ಟುಗಾಲು ಹಕ್ಕಿ, ಇನ್ನೂ ಮುಂದೆ ಬಣ್ಣದ ಕೊಕ್ಕರೆ, ಚಮಚದ ಕೊಕ್ಕು. ಕಾಲು ಎಷ್ಟುದ್ದವೋ ಅಷ್ಟು ಆಳ. ಚಳಿಗಾಲಕ್ಕೆ ಬರೋ ಪಟ್ಟೆತಲೆ ಹೆಬ್ಬಾತುಗಳು ಹಗಲು ಬಯಲು ದಡದಲ್ಲಿ ಕೂರ್ತವೆ, ಯಾಕಂದ್ರೆ ನಾಲ್ಕೂ ಕಡೆ ಕಾಣಬೇಕು. ಕತ್ತಲಾಗೋ ಹೊತ್ತಿಗೆ ಗದ್ದೆ ಕಡೆ ಮೇಯಕ್ಕೆ ಹೊರಡ್ತವೆ.

ಈಗ ನನ್ನ ತಕರಾರು. ಮಾರ್ಚ್‌ನಿಂದ ಜೂನ್‌ವರೆಗೆ ಬಯಲಾದ ಕಟ್ಟೆ ತಳವನ್ನ ಜೀಪು ಓಡಿಸೋ ಮೈದಾನ ಮಾಡ್ಕೊಂಡಿದ್ದೀವಿ. ರಿವರ್ ಟರ್ನ್ (ಹೊಳೆ ಮೇಲೆ ಹಾರಾಡಿ ಮೀನು ಹಿಡಿಯೋ ಹಕ್ಕಿ) ಮತ್ತು ಟಿಟ್ಟಿಭ ಮೊಟ್ಟೆ ಇಡೋದು ಅದೇ ತಿಂಗಳಲ್ಲಿ, ಅದೇ ನೆಲದಲ್ಲಿ. ಗೂಡು ಅಂತ ಏನೂ ಇರಲ್ಲ, ಮರಳಲ್ಲಿ ಒಂದು ಸಣ್ಣ ಗುಳಿ. ಅದರಲ್ಲಿ ಎರಡರಿಂದ ನಾಲ್ಕು ಮೊಟ್ಟೆ, ಮಣ್ಣಿನ ಬಣ್ಣ, ಕಂದು ಚುಕ್ಕೆ. ಪಕ್ಕದಲ್ಲೇ ಕಾಲಿಟ್ಟರೂ ಕಲ್ಲು ಅನ್ಕೋತೀರಿ. ಮರಿಗಳು ಅಪಾಯ ಕಂಡ್ರೆ ಓಡಲ್ಲ, ನೆಲಕ್ಕೆ ಅಂಟಿಕೊಂಡು ಸುಮ್ಮನಾಗ್ತವೆ. ಚಕ್ರದ ಕೆಳಗೆ ಸಿಗೋದು ಅದಕ್ಕೇ.

ತುಳಿಯದೆ ಹೋದ್ರೂ ಅಪಾಯ ಮುಗೀಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ತಾಯಿಹಕ್ಕಿ ಕಾವು ಕೊಡೋದಕ್ಕಿಂತ ನೆರಳು ಕೊಡೋದೇ ಹೆಚ್ಚು. ನೀರಿಗೆ ಹೋಗಿ ಹೊಟ್ಟೆಗರಿ ನೆನೆಸ್ಕೊಂಡು ಬಂದು ಮೊಟ್ಟೆ ತಂಪು ಮಾಡುತ್ತೆ. ನೀವು ಫೋಟೋಗೆ ಅಲ್ಲೇ ನಿಂತ್ರೆ ಅದು ಇಳಿಯಲ್ಲ, ಮೊಟ್ಟೆ ಬೇಯುತ್ತೆ. ತಲೆ ಮೇಲೆ ಕಿರುಚಿ ಎರಗಕ್ಕೆ ಬಂತು ಅಂದ್ರೆ ಗೂಡು ಹತ್ತಿರವೇ ಇದೆ. ಹುಡುಕಬೇಡಿ, ಬಂದ ಹೆಜ್ಜೆ ಮೇಲೇ ವಾಪಸ್ ಹೋಗಿ. ಡ್ರೋನ್ ಅಂತೂ ಬೇಡವೇ ಬೇಡ. ನೀರು ತೀರಾ ಇಳಿದಾಗ ನಡುಗಡ್ಡೆ ದಡಕ್ಕೆ ಸೇರಿಕೊಳ್ಳುತ್ತೆ, ನಾಯಿಗಳಿಗೆ ದಾರಿಯಾಗುತ್ತೆ. ಪಿಕ್ನಿಕ್‌ನವರು ಬಿಟ್ಟ ಬಿರಿಯಾನಿ ಎಲೆ ಅದೇ ನಾಯಿಗಳನ್ನ ಅಲ್ಲಿವರೆಗೆ ಕರ್ಕೊಂಡ್ ಬರುತ್ತೆ.

ಕಟ್ಟೆ ಕೆಳಗಿನ ಕಥೆ ಬೇರೆ. 1940ರಿಂದ ಪಕ್ಷಿಧಾಮವಾಗಿರೋ, 2022ರಲ್ಲಿ ರಾಮ್ಸರ್ ಅನ್ನೋ ಅಂತರರಾಷ್ಟ್ರೀಯ ಜೌಗುನೆಲಗಳ ಪಟ್ಟಿ ಸೇರಿದ ರಂಗನತಿಟ್ಟು ಕಟ್ಟೆಯಿಂದ ಬಿಡೋ ನೀರಿನ ನೇರ ದಾರಿಯಲ್ಲಿದೆ. ಮರದ ಮೇಲಿನ ಕೊಕ್ಕರೆಗಳು ಹೇಗೋ ತಡ್ಕೋತವೆ, ಹೊಳೆ ಬಂಡೆ ಮೇಲೆ ಮೊಟ್ಟೆ ಇಟ್ಟವಕ್ಕೆ ನೀರು ಒಂದಡಿ ಏರಿದ್ರೂ ಕಥೆ ಮುಗೀತು. ಬೇಸಿಗೆಯಲ್ಲಿ ನೀರು ಬಿಡಬೇಡಿ ಅನ್ನೋ ಮಾತೇ ಅಲ್ಲ, ಕುಡಿಯೋಕೆ ಬೇಕು. ಒಂದೇ ಸಲ ಏರಿಸಿ ಇಳಿಸೋ ಬದಲು ಸಮವಾಗಿ ಬಿಟ್ಟರೆ ಹಕ್ಕಿ ಆ ಮಟ್ಟಕ್ಕಿಂತ ಮೇಲಿನ ಬಂಡೆ ಆರಿಸಿಕೊಳ್ಳುತ್ತೆ.

ಇನ್ನು ಮೇಲಿನಿಂದ ಬರೋದು. ಕೊಡಗಿನಲ್ಲಿ ಮಳೆ ಹಿಡಿದ್ರೆ ಕಾವೇರಿ ತುಂಬುತ್ತೆ. ಹೇಮಾವತಿ ನೀರು ಮೊದಲು ಗೊರೂರಿನ ಅಣೆಕಟ್ಟೆಯಲ್ಲಿ ನಿಂತು ಆಮೇಲೆ ಬರುತ್ತೆ. ಇದೇ ಹಿನ್ನೀರಿಗೆ ಸೇರೋ ಲಕ್ಷ್ಮಣತೀರ್ಥ ಹೊಳೆ ಕೊಡಗಿನ ಇರ್ಪುವಿನಲ್ಲಿ ಹುಟ್ಟಿದಾಗ ಕನ್ನಡಿ, ಹುಣಸೂರು ದಾಟೋ ಹೊತ್ತಿಗೆ ಊರಿನ ಚರಂಡಿ ಹೊತ್ತಿರುತ್ತೆ. ಆ ಗೊಬ್ಬರಕ್ಕೆ ಅಂತರಗಂಗೆ ಅನ್ನೋ ತೇಲೋ ಕಳೆ ಹಬ್ಬುತ್ತೆ, ಹಬ್ಬಿದ ಕಡೆ ಗೊರವಕ್ಕೆ ಕೆಸರೂ ಕಾಣಲ್ಲ, ನೀರೂ ಕಾಣಲ್ಲ.

ನೋಡೋ ಆಸೆ ಇದ್ದೋರು ಡಿಸೆಂಬರ್, ಜನವರಿಯಲ್ಲಿ ಮೈಸೂರು ಹತ್ತಿರದ ಇಲವಾಲದ ಕಡೆಯಿಂದ ಹಿನ್ನೀರಿನ ದಕ್ಷಿಣದ ದಡಕ್ಕೆ ಹೋಗಿ. ಚಳಿಗಾಲದ ಸೂರ್ಯ ಬೆನ್ನಿಗಿರ್ತಾನೆ, ಬಣ್ಣ ಚೆನ್ನಾಗಿ ಕಾಣುತ್ತೆ. ಗಾಡಿ ರಸ್ತೆಯಲ್ಲೇ ನಿಲ್ಲಿಸಿ ನಡೀರಿ. 8x42 (ಎಂಟು ಪಟ್ಟು ಹತ್ತಿರ ತೋರಿಸೋ) ಬೈನಾಕ್ಯುಲರ್ ಸಾಕು.