ನಮ್ಮ ಮಾಸ್ಟ್ರ ಅಂಕಣ ರದ್ದಿಗೆ ಹೋಯಿತು

ಮೊನ್ನೆ ಮುಂಬಯಿಯ ಮುಲುಂಡಿನಲ್ಲಿ ನಮ್ಮ ರಾತ್ರಿ ಶಾಲೆಯ ಮಾಸ್ಟ್ರ ಮನೆ ಖಾಲಿ ಮಾಡಿದರು. ಸುದ್ದಿ ಸಿಕ್ಕಿ ನಾನು ಹೋಗಿ ಮುಟ್ಟುವಷ್ಟರಲ್ಲಿ ಪತ್ರಿಕೆಯ ಕಟ್ಟುಗಳೆಲ್ಲ ರದ್ದಿಯವನ ತಕ್ಕಡಿ ಏರಿ ಆಗಿತ್ತು. ಒಂದು ಬಿಸ್ಕತ್ತಿನ ಡಬ್ಬಿ ಮಾತ್ರ ಉಳಿದಿತ್ತು, ಒಳಗೆ ಅವರ ಅಂಕಣದ 31 ತುಣುಕು. ಮೂವತ್ತು ವರ್ಷ ವಾರ ವಾರ ರಾಜಕೀಯ ಬರೆದವರದ್ದು ಇಷ್ಟೇ. ಎರಡು ದಿನ ನನಗೆ ಊಟ ಸೇರಲಿಲ್ಲ.

ಮಾಸ್ಟ್ರು ಕುಮಟಾ ಕಡೆಯವರು. 1951ರಲ್ಲಿ ಮುಂಬಯಿಗೆ ಬಂದಾಗ ಪರವೂರಿಗೆ ಬಂದೆ ಎಂದು ಅವರಿಗೆ ಅನ್ನಿಸಿರಲಿಲ್ಲವಂತೆ. ಆಗ ಕಾರವಾರ, ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಮುಂಬಯಿ ರಾಜ್ಯಕ್ಕೇ ಸೇರಿದ್ದವು. 1956ರ ನವೆಂಬರ್ 1ಕ್ಕೆ ರಾಜ್ಯಗಳ ಗೆರೆ ಬದಲಾಯಿತು. ಫೋರ್ಟಿನಲ್ಲಿ ಅದೇ ಆಫೀಸು, ಗಿರಗಾಂವಿನಲ್ಲಿ ಅದೇ ಖೋಲಿ, ಮಾಸ್ಟ್ರು ಮಾತ್ರ ಹೊರಗಿನವರಾದರು. ಅವರು ಬರೆಯಲು ಕೂತದ್ದು ಆಮೇಲೆ.

ಹಗಲು ಗುಮಾಸ್ತಿಕೆ, ಸಂಜೆ ಏಳರಿಂದ ರಾತ್ರಿ ಶಾಲೆಯಲ್ಲಿ ಪಾಠ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಇಂಥವರೆಲ್ಲ ಈ ಊರಲ್ಲಿ ಕನ್ನಡ ರಾತ್ರಿ ಶಾಲೆ ನಡೆಸದಿದ್ದರೆ ನಮ್ಮಂಥ ಹೋಟೆಲ್ ಹುಡುಗರ ಗತಿ ಏನಾಗುತ್ತಿತ್ತೋ. 1973ರಲ್ಲಿ ಕುಂದಾಪುರದ ಕಡೆಯಿಂದ ಬಂದಾಗ ನನಗೆ ಹನ್ನೆರಡು ವರ್ಷ. ಇಡೀ ದಿನ ಕಪ್ಪು ಬಸಿ ತೊಳೆದು ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು, ಪೆನ್ಸಿಲ್ ನಿಲ್ಲುತ್ತಿರಲಿಲ್ಲ. ಮಾಸ್ಟ್ರು ತಮ್ಮ ಕರವಸ್ತ್ರ ಕೊಟ್ಟು, "ಒರೆಸಿಕೋ ಮಾರಾಯ, ಅವಸರ ಇಲ್ಲ" ಅನ್ನುತ್ತಿದ್ದರು.

ಬುಧವಾರ ಅಂಕಣದ ಕರಡನ್ನು ನಮಗೆ ಓದಿ ಹೇಳುತ್ತಿದ್ದರು. ಯಾರದಾದರೂ ಮುಖ ಸಣ್ಣಗಾದರೆ ಆ ಶಬ್ದಕ್ಕೆ ಗೀಟು. 'ಸಾರ್ವಭೌಮತ್ವ' ಹಾಗೆ ಹೋದದ್ದು ನನ್ನಿಂದ! ಮೇಜು ಒರೆಸುವ ಹುಡುಗನಿಗೆ ಅರ್ಥವಾಗದ ರಾಜಕೀಯವನ್ನು ಅವರು ಅಚ್ಚಿಗೆ ಕಳಿಸುತ್ತಿರಲಿಲ್ಲ. ಇಂದಿನ ಎಷ್ಟು ಅಂಕಣಕಾರರು ಹೀಗೆ ಓದಿ ತೋರಿಸುತ್ತಾರೆ?

ತುರ್ತು ಪರಿಸ್ಥಿತಿಯಲ್ಲಿ ಸೆನ್ಸಾರ್ ಬಂದಾಗ ಅಂಕಣವನ್ನು ಅವರೇ ನಿಲ್ಲಿಸಿದರು. ಪಾಠ ನಿಲ್ಲಿಸಲಿಲ್ಲ. 1976ರ ಜೂನಿನಲ್ಲಿ ಶಾಲೆ ತೆರೆದಾಗ, ನಾಗರಿಕ ಶಾಸ್ತ್ರದ ತಾಸಿಗೆ ಬಾಗಿಲು ಮುಚ್ಚಿ ಬೋರ್ಡಿನ ಎಡಗಡೆ ನಾಲ್ಕು ಗೆರೆ ಎಳೆದರು, ಬಲಗಡೆ ಒಂದು. ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ವಿಚಾರಣೆಯಿಲ್ಲದೆ ಒಳಗೆ ಹಾಕಿದರೂ ಕೋರ್ಟಿಗೆ ಬಂದು ಕೇಳುವ ಹಕ್ಕು ಈಗ ಇಲ್ಲ ಅಂದಿದ್ದರು. ಒಪ್ಪದೆ ಉಳಿದವರು ಎಚ್.ಆರ್. ಖನ್ನಾ ಒಬ್ಬರೇ. ಮುಂದೆ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರಿಗೆ ತಪ್ಪಿತು, ರಾಜೀನಾಮೆ ಕೊಟ್ಟರು. ಆ ತೀರ್ಪನ್ನು ಸುಪ್ರೀಂ ಕೋರ್ಟೇ ತಳ್ಳಿಹಾಕಿದ್ದು 2017ರಲ್ಲಿ. ಆ ಸಂಜೆ ಫೋನ್ ಮಾಡಿದಾಗ ಮಾಸ್ಟ್ರು ಕೇಳಿದ್ದು ಒಂದೇ, "ಆ ಒಂಟಿ ಗೆರೆ ಯಾವ ಬದಿಗಿತ್ತು?" "ಬಲಗಡೆ ಸರ್" ಅಂದೆ. ಸುಮಾರು ಹೊತ್ತು ಏನೂ ಮಾತಾಡಲಿಲ್ಲ.

ಡಬ್ಬಿಯ ತುಣುಕುಗಳಲ್ಲಿ 1969ರ ಫೆಬ್ರವರಿಯದೂ ಇದೆ. ಗಡಿ ಗಲಾಟೆಯಲ್ಲಿ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದ ದಿನಗಳು. ಕಲ್ಲು ತಿಂದ ಹುಡುಗ ಬೆಳಗಾವಿಯನ್ನು ನಕ್ಷೆಯಲ್ಲೂ ಕಂಡವನಲ್ಲ ಎಂದು ಬರೆದಿದ್ದಾರೆ. ಕೊನೆಗೆ, ನಮ್ಮ ಹುಡುಗರು ಮರಾಠಿ ಪತ್ರಿಕೆ ಓದಲು ಕಲಿಯಲೇಬೇಕು ಅಂತ. ಆ ಮಾತಿಗೆ ಕನ್ನಡಿಗರಿಂದಲೇ ಬೈಸಿಕೊಂಡರಂತೆ. ಅವರು ಹೇಳಿದ್ದು ಸರಿ. ಆ ಓದೇ ನನಗೆ ಮುಂದೆ ಅನ್ನ ಕೊಟ್ಟಿತು.

ಉಡುಪಿಯ ಎಂ.ವಿ. ಕಾಮತರೂ ಇದೇ ಊರಿಗೆ ಬಂದವರು. 1946ರಲ್ಲಿ ಫ್ರೀ ಪ್ರೆಸ್ ಜರ್ನಲ್ ಸೇರಿದರು, ವಾಷಿಂಗ್ಟನ್‌ವರೆಗೆ ಹೋದರು, ಇಲಸ್ಟ್ರೇಟೆಡ್ ವೀಕ್ಲಿಯ ಸಂಪಾದಕರಾದರು, ಇಳಿವಯಸ್ಸಿನಲ್ಲಿ ಮಣಿಪಾಲದಲ್ಲಿ ಪತ್ರಿಕೋದ್ಯಮದ ಮಕ್ಕಳನ್ನು ಬೆಳೆಸಿದರು. ಅವರ ಪುಸ್ತಕಗಳಿವೆ, ಆತ್ಮಕಥೆ ಇದೆ, ಇರಬೇಕಾದದ್ದೇ. ಕನ್ನಡದಲ್ಲಿ ಬರೆದ ನಮ್ಮ ಮಾಸ್ಟ್ರಿಗೆ ಒಂದು ಸಂಕಲನವೂ ಇಲ್ಲ. ಇಡಲು ಜಾಗ ಕೇಳಿಕೊಂಡು ಒಂದು ಗ್ರಂಥಾಲಯಕ್ಕೆ ನಾಲ್ಕು ಸಲ ಹೋದೆ. ಹಳೇ ಪೇಪರು ತೆಗೆದುಕೊಳ್ಳುವುದಿಲ್ಲ ಅಂದರು. ಹೊಟ್ಟೆ ಉರಿಯುತ್ತದೆ.

ವಡಾಲಾ, ಘಾಟ್‌ಕೋಪರ್, ಡೊಂಬಿವಲಿ ಕಡೆ ನಿಮ್ಮ ಅಪ್ಪ, ಅಜ್ಜ ಮಾಳಿಗೆಯ ಮೇಲೆ ಕಟ್ಟಿಟ್ಟ ಮುಂಬಯಿಯ ಕನ್ನಡ ಪತ್ರಿಕೆಗಳಿದ್ದರೆ ದಯವಿಟ್ಟು ಮಾರಬೇಡಿ. ಇನ್‌ಬಾಕ್ಸಿಗೆ ಒಂದು ಮಾತು ಹಾಕಿ. ಚೀಲ ಹಿಡಿದು ನಾನೇ ಬರುತ್ತೇನೆ, ಭಾನುವಾರವಾದರೂ ಸರಿ.