ಹೈಡ್ರೇಂಜಿಯಾಗೆ ಡಿಸೆಂಬರ್‌ನಲ್ಲಿ ಕತ್ತರಿ ಬೇಡ

ಹೈಡ್ರೇಂಜಿಯಾ ಹೂಗಿಡದ ಬಗ್ಗೆ ನಿಮ್ಮ ಲೇಖನ ಓದಿದೆ. ಮಣ್ಣು ಹುಳಿಯಾಗಿದ್ದರೆ ಹೂವು ನೀಲಿ ಅಂತ ಬರೆದದ್ದು ಸರಿ. ಆದರೆ ‘ಡಿಸೆಂಬರ್‌ನಲ್ಲಿ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಹೂವು ಜಾಸ್ತಿ’ ಅಂದಿದ್ದೀರಲ್ಲ, ಅದನ್ನು ಒಪ್ಪುವುದು ಕಷ್ಟ. ಗುಲಾಬಿಗೆ ನಡೆಯುತ್ತದೆ, ಇದಕ್ಕಲ್ಲ. ನಮ್ಮ ಮಡಿಕೇರಿ ಕಡೆ ಮನೆ ಮುಂದೆ ಕಾಣುವುದು ದೊಡ್ಡ ಎಲೆಯ ಮ್ಯಾಕ್ರೊಫಿಲ್ಲಾ ಜಾತಿ. ಅದರ ಮುಂದಿನ ಹೂವು ಹೆಚ್ಚಾಗಿ ಹಳೆಯ ಕಡ್ಡಿಯ ತುದಿಯಲ್ಲೇ ತಯಾರಾಗಿ ಕೂತಿರುತ್ತದೆ. ಚಳಿಗಾಲದಲ್ಲಿ ತುದಿ ನೋಡಿ: ಹೆಬ್ಬೆರಳಿನಲ್ಲಿ ಮುಟ್ಟಿದರೆ ಗಟ್ಟಿಯಾಗಿ ಸಿಗುವ ದಪ್ಪ ಮೊಗ್ಗು ಇರುತ್ತದೆ. ಅದನ್ನೇ ಕತ್ತರಿಸಿ ಎಸೆದರೆ ಆಮೇಲೆ ಬರುವುದು ಬರೀ ಎಲೆ. ಪಕ್ಕದ ಮನೆಯವರ ಗಿಡ ಪ್ರತಿವರ್ಷ ಹೀಗೇ ಬೋಳಾಗುತ್ತದೆ, ಮಳೆಗಾಲಕ್ಕೆ ಸೊಪ್ಪಿನ ಗುಡ್ಡೆಯಾಗುತ್ತದೆ. ಹೂವು ಮಾತ್ರ ಇಲ್ಲ!

ಕತ್ತರಿಸಲೇಬೇಕು ಅಂದರೆ ಹೂವು ಬಾಡಿದ ಕೂಡಲೇ, ಬಾಡಿದ ಗೊಂಚಲನ್ನು ಅದರ ಕೆಳಗಿನ ಮೊದಲ ಜೋಡಿ ದಪ್ಪ ಮೊಗ್ಗಿಗಿಂತ ತುಸು ಮೇಲಕ್ಕೆ ಕತ್ತರಿಸಿ. ತೀರಾ ಮುದಿ ಕಡ್ಡಿ ಒಂದೆರಡನ್ನು ಬುಡದಿಂದ ತೆಗೆದರೂ ತೊಂದರೆಯಿಲ್ಲ. ನೀವು ಹೇಳಿದ ರೀತಿ ಹೈಡ್ರೇಂಜಿಯಾದಲ್ಲೇ ಬೇರೆಯಾದ ಪ್ಯಾನಿಕ್ಯುಲೇಟಾ, ಆರ್ಬೊರೆಸೆನ್ಸ್ ಜಾತಿಗಳಿಗೆ ಹೊಂದುತ್ತದೆ, ಅವು ಹೊಸ ಚಿಗುರಿನಲ್ಲೇ ಹೂ ಬಿಡುತ್ತವೆ. ಜಾತಿಯ ಹೆಸರೇ ಹಾಕದೆ ಬರೆದರೆ ಓದಿದವರು ಕತ್ತರಿ ಹಿಡಿದು ಹೊರಡುತ್ತಾರೆ, ಅಲ್ವಾ?

ಇನ್ನು ಯೂರಿಯಾ ಸುರಿಯುವವರಿಗೂ ಒಂದು ಸಾಲು ಬರೆಯಬೇಕಿತ್ತು. ಅದರಲ್ಲಿರುವ ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗುತ್ತದೆ, ಹೂವು ಹಿಂದೆ ಬೀಳುತ್ತದೆ. ಹಳೇ ಕೊಟ್ಟಿಗೆ ಗೊಬ್ಬರ, ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು ಇದ್ದರೆ ಧಾರಾಳ ಸಾಕು.