ಹೊರದೇಶದ ಎಣ್ಣೆ, ಗ್ಯಾಸ್, ಕಲ್ಲಿದ್ದಲು ಬಿಡೋಕೆ ಇಷ್ಟು ಅವಸರ ಬೇಕಾ?

ಪರ: ನಲ್ಲಿ ಬೇರೆಯವರ ಕೈಲಿದೆ

1973ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ಜನ ಭಾನುವಾರ ಕಾರು ಮನೆಯಲ್ಲೇ ಬಿಟ್ಟು ಖಾಲಿ ಹೆದ್ದಾರಿಯಲ್ಲಿ ಸೈಕಲ್ ಹೊಡೆದರು. ಖುಷಿಗಲ್ಲ, ಸರ್ಕಾರದ ಆಜ್ಞೆ. ಅರಬ್ ದೇಶಗಳು ಎಣ್ಣೆಯ ನಲ್ಲಿ ಬಿಗಿ ಮಾಡಿದ್ದವು. ಸುಮಾರು 3 ಡಾಲರ್ ಇದ್ದ ಬ್ಯಾರೆಲ್ ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ಆಗ ಆ ದೇಶ ಬಳಸುತ್ತಿದ್ದ ಶಕ್ತಿಯಲ್ಲಿ ಸುಮಾರು ಶೇ 90 ಎಣ್ಣೆಯೇ. ಇವತ್ತು ಅಲ್ಲಿನ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯದ್ದು. ಪೆಟ್ಟು ತಿಂದವರು ಕಲಿತರು.

ಉರುಗ್ವೆಯನ್ನೂ ನೋಡಿ. ಸ್ವಂತ ಎಣ್ಣೆ ಇಲ್ಲ. ಮಳೆ ಕೈಕೊಟ್ಟ ವರ್ಷ ಅಣೆಕಟ್ಟು ಒಣಗುತ್ತಿತ್ತು, ಎಣ್ಣೆ ತರಿಸಬೇಕಿತ್ತು. 2008ರ ಈಚೆಗೆ ಗಾಳಿಯಂತ್ರಗಳಿಗೆ ಕೈಹಾಕಿದರು. ಹತ್ತೇ ವರ್ಷದಲ್ಲಿ ಕರೆಂಟು ಹೆಚ್ಚುಕಮ್ಮಿ ಪೂರ್ತಿ ನೀರು, ಗಾಳಿ, ಬಿಸಿಲು, ಕೃಷಿ ಕಸದಿಂದಲೇ ಬರತೊಡಗಿತು.

ಪೆಟ್ರೋಲ್ ಎಂಜಿನ್ನಿಗೆ 4 ಲೀಟರ್ ಹಾಕಿದರೆ ಗಾಲಿ ತಿರುಗಿಸುವುದು ಸುಮಾರು 1 ಲೀಟರ್. ಮಿಕ್ಕಿದ್ದು ಬಿಸಿಯಾಗಿ ಹೋಗುತ್ತದೆ. ಡಾಲರ್ ಕೊಟ್ಟು, ಹಡಗಿನಲ್ಲಿ ತರಿಸಿ, ಬಾನೆಟ್ ಬಿಸಿ ಮಾಡಿಕೊಳ್ಳುವ ಈ ಚಟಕ್ಕೆ ಏನನ್ನಬೇಕೋ!

ಸೋಲಾರ್ ಪ್ಯಾನೆಲ್ ಕೂಡ ಹೊರಗಿನದೇ ಅಲ್ವಾ ಅಂತೀರಿ. ಎಣ್ಣೆ ಮಾರುವವನು ಮುನಿಸಿಕೊಂಡರೆ ಕೆಲವೇ ತಿಂಗಳಲ್ಲಿ ಬಂಡಿ ನಿಲ್ಲುತ್ತದೆ. ಪ್ಯಾನೆಲ್ ಮಾರುವವನು ಮುನಿಸಿಕೊಂಡರೆ ಚಾವಣಿ ಮೇಲಿರುವುದು ಇನ್ನೂ 20 ವರ್ಷ ದುಡಿಯುತ್ತದೆ. ಇನ್ನು ರಾತ್ರಿ ಸೂರ್ಯ ಇರಲ್ಲ ಅಂತ ಕೆಲವರು ಈಗಷ್ಟೇ ಕಂಡುಹಿಡಿದವರ ಹಾಗೆ ಹೇಳುತ್ತಾರೆ. ಜಗತ್ತು ಬಳಸುವ ಎಣ್ಣೆಯ ಐದನೇ ಒಂದು ಪಾಲು ದಾಟಿಬರುವುದು ಇರಾನ್ ಪಕ್ಕದ ಹರ್ಮುಜ್ ಎಂಬ ಒಂದೇ ಜಲಸಂಧಿಯಲ್ಲಿ. ಅದು ಮುಚ್ಚಿದರೆ ಹಗಲಿಗೂ ಗತಿಯಿಲ್ಲ.

ವಿರೋಧ: ಸ್ವಲ್ಪ ನಿಧಾನ

ಈ ಚರ್ಚೆಯಲ್ಲಿ ವಿರೋಧದ ಪಕ್ಷ ನನ್ನ ಪಾಲಿಗೆ ಬಂತು, ಬರೆಯುತ್ತಿದ್ದೇನೆ. ಆದರೂ ಒಂದು ಮಾತು ನಿಜ. ಎದುರಿನವರು ಬರೀ ಕರೆಂಟಿನ ಕಥೆ ಹೇಳಿದ್ದಾರೆ. ಜಗತ್ತು ಬಳಸುವ ಶಕ್ತಿಯಲ್ಲಿ ಕರೆಂಟು ಸುಮಾರು ಐದನೇ ಒಂದು ಪಾಲು. ಉಕ್ಕಿನ ಕುಲುಮೆಗೆ ಕಲ್ಲಿದ್ದಲು ಬೇಕು, ಯೂರಿಯಾಗೆ ಗ್ಯಾಸ್ ಬೇಕು. ಗಾಳಿಯಂತ್ರದ ಕಂಬವೂ ಉಕ್ಕೇ.

ಇನ್ನು ಸೋಲಾರ್ ಪ್ಯಾನೆಲ್ ತಯಾರಿಕೆಯಲ್ಲಿ ಶೇ 80ಕ್ಕಿಂತ ಜಾಸ್ತಿ ಚೀನಾದ ಕೈಲಿದೆ. ಹತ್ತು ಮಾರುವವರನ್ನು ಬಿಟ್ಟು ಒಬ್ಬನ ಬಾಗಿಲಿಗೆ ಹೋದಂತಾಯಿತು.

ನಮ್ಮ ಮನೆಯದೇ ಹೇಳುತ್ತೇನೆ. ಸೋಲಾರ್ ನೀರಿನ ಹೀಟರ್ ಹಾಕಿಸಿದೆ. ಜೊತೆಗೆ ಕರೆಂಟಿನ ಕಾಯಿಲ್ ಬೇಕಾ ಅಂತ ಕೇಳಿದರು. ಸುಮ್ನೆ ಖರ್ಚು, ಬೇಡ ಅಂದೆ. ಮಳೆಗಾಲ ಬಂತು. ಮೊದಲ ದಿನ ನೀರು ಉಗುರುಬೆಚ್ಚಗಿತ್ತು. ಎರಡನೇ ದಿನ ನಾನೇ ಬೆಚ್ಚಗಿದೆ ಅಂತ ವಾದಿಸಿದೆ. ಮೂರನೇ ದಿನ ನಲ್ಲಿ ಕೆಳಗೆ ಕೈಯಿಟ್ಟು ವಾದ ಬಿಟ್ಟೆ. ಹೆಂಡತಿ ಒಂದು ಮಾತೂ ಆಡದೆ ಗ್ಯಾಸ್ ಒಲೆ ಮೇಲೆ ದೊಡ್ಡ ಪಾತ್ರೆ ಇಟ್ಟಳು. ಆ ಗ್ಯಾಸು ಎಲ್ಲಿಂದ ಬಂತು ಅಂತ ಕೇಳಬೇಡಿ.

ಕಾಯಿಲ್ ಆಮೇಲೆ ಹಾಕಿಸಿದೆ, ಎರಡರಷ್ಟು ದುಡ್ಡು ಕೊಟ್ಟು. ಹೀಟರ್ ತೆಗೆಸಿಲ್ಲ, ತೆಗೆಸುವುದೂ ಇಲ್ಲ. ಮೋಡ ಕಂಡರೆ ಮಾತ್ರ ಅವಳು ಈಗಲೂ ಮೊದಲು ನನ್ನ ಮುಖ ನೋಡುತ್ತಾಳೆ.